ಬಿಟ್ಟುಕೊಟ್ಟ ಪಾಳಿ

ಗದಗಿನ ಮಕ್ಕಳ ಮನೋಚಿಕಿತ್ಸಾ ಕೇಂದ್ರದ ಒಳಕೋಣೆಯ ನಡುವೆ ಒಂದು ಗಾಜಿನ ಗೋಡೆಯಿತ್ತು. ಅದರ ಆಚೆ ಒರಗುಕುರ್ಚಿಯಲ್ಲಿ ಮಗು, ಮಗುವಿನ ಎದುರು ಡಾಕ್ಟರ್ ಲೋಬೊ. ಈಚೆ, ಪರದೆಗಳ ಮುಂದೆ ದಾನೇಶ್ವರಿ. ಮಗುವಿನ ತಲೆಗೆ ತೊಡಿಸುತ್ತಿದ್ದ ಯಂತ್ರಕ್ಕೆ ಸರಕಾರ ಉದ್ದನೆಯ ಹೆಸರೊಂದನ್ನು ಇಟ್ಟಿತ್ತು. ಆ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಜನ ಅದನ್ನು ಟೊಪಿಗಿ ಎಂದೇ ಕರೆದರು. ಕೊನೆಗೆ ಡಾಕ್ಟರೂ ಹಾಗೆಯೇ ಕರೆಯತೊಡಗಿದರು.

ಟೊಪಿಗಿ ಮಾಡುತ್ತಿದ್ದ ಕೆಲಸ ಇಷ್ಟು. ಖಿನ್ನತೆಗೆ ಬಿದ್ದ ಎಳೆಯ ಮಿದುಳಿನಲ್ಲಿ ಯೋಚನೆಗಳು ಒಂದೇ ಜಾಡಿನಲ್ಲಿ ಮತ್ತೆ ಮತ್ತೆ ಓಡಾಡಿ, ಕಡೆಗೆ ಬೇರೆ ದಾರಿಯೇ ಕಾಣದಂತಾಗುತ್ತದೆ. ಟೊಪಿಗಿಯ ಕಾಂತೀಯ ಮಿಡಿತಗಳು ಆ ಜಾಡನ್ನು ಸ್ವಲ್ಪ ಹೊತ್ತು ಸಡಿಲಿಸುತ್ತಿದ್ದವು. ಆ ಹೊತ್ತಿನಲ್ಲಿ ತಿಳಿದವರೊಬ್ಬರು ಎದುರು ಕುಳಿತು ಮಾತಾಡಿದರೆ, ಮಗುವಿನ ಮನಸ್ಸು ಮೆಲ್ಲಗೆ ಹೊಸ ದಾರಿ ಹಿಡಿಯುತ್ತಿತ್ತು. ಮಾತಿಲ್ಲದೆ ಬರಿಯ ಮಿಡಿತ ಕೊಟ್ಟರೆ ಸಡಿಲಗೊಂಡ ಮನಸ್ಸು ಇನ್ನಷ್ಟು ಕೆಳಗಿಳಿಯುತ್ತಿತ್ತು. ಹಾಗಾಗಿ ಕೇಂದ್ರದಲ್ಲಿ ಮೂರು ಟೊಪಿಗಿಗಳಿದ್ದರೂ ಎರಡು ಬಟ್ಟೆ ಹೊದ್ದುಕೊಂಡು ಮೂಲೆಯಲ್ಲಿ ಕುಳಿತಿದ್ದವು. ಸುತ್ತಲಿನ ಜಿಲ್ಲೆಗಳಿಗೆಲ್ಲ ಎದುರು ಕೂತು ಮಾತಾಡುವವರು ಲೋಬೊ ಒಬ್ಬರೇ. ಮಂಗಳೂರಿನಿಂದ ಒಂದು ವರ್ಷಕ್ಕೆಂದು ಬಂದವರು, ಬದಲಿಗೆ ಯಾರೂ ಬಾರದೆ ಇಲ್ಲಿಯೇ ಉಳಿದಿದ್ದರು.

ಇನ್ನೊಂದು ತೊಡಕಿತ್ತು. ಮಗು ಬೆಳೆದಂತೆ ಮಿದುಳಿನ ನರತಂತುಗಳ ಮೇಲೆ ತೆಳುವಾದ ಹೊದಿಕೆಯೊಂದು ಬೆಳೆಯುತ್ತದೆ. ಅದು ಪೂರ್ತಿ ಗಟ್ಟಿಯಾದ ಮೇಲೆ ಟೊಪಿಗಿಯ ಮಿಡಿತ ಒಳಗಿಳಿಯುವುದಿಲ್ಲ. ಕೆಲವರಿಗೆ ಹನ್ನೆರಡರಲ್ಲೇ ಹಾಗಾಗುತ್ತದೆ, ಕೆಲವರಿಗೆ ಹದಿನೇಳು ದಾಟುತ್ತದೆ. ಕೇಂದ್ರದ ಮಂದಿ ಇದನ್ನು ಬಾಗಿಲು ಎನ್ನುತ್ತಿದ್ದರು. ಬಾಗಿಲು ತೆರೆದಿದೆ, ಬಾಗಿಲು ಸಣ್ಣದಾಗಿದೆ, ಬಾಗಿಲು ಮುಚ್ಚಿತು. ಹೊರಗೆ ಬೆಂಚಿನ ಮೇಲೆ ಕಾಯುವ ತಾಯಿ ತಂದೆಯರು ಕಲಿತ ಮೊದಲ ಮಾತೂ ಅದೇ. ಪಾಳಿ ಬರುವುದು ಮೊದಲೋ ಬಾಗಿಲು ಮುಚ್ಚುವುದು ಮೊದಲೋ ಎಂಬ ಒಂದೇ ಚಿಂತೆಯಲ್ಲಿ ಅವರು ಊರಿನಿಂದ ಬರುತ್ತಿದ್ದರು, ಹೋಗುತ್ತಿದ್ದರು.

ದಾನೇಶ್ವರಿಯ ಕೆಲಸ ಟೊಪಿಗಿ ನಡೆಸುವುದು. ಪರದೆಯ ಮೇಲಿನ ಅಲೆಗಳನ್ನು ನೋಡುತ್ತ, ಮಿಡಿತವನ್ನು ಏರಿಸುತ್ತ ಇಳಿಸುತ್ತ ಅವಳು ದಿನವಿಡೀ ಕೂರುತ್ತಿದ್ದಳು. ಆಚೆಯ ಮಾತು ಕಿವಿಗೆ ಸಿಕ್ಕಿಸಿಕೊಂಡ ಗುಂಡಿಯಲ್ಲಿ ಕೇಳುತ್ತಿತ್ತು. ಮುಂಡರಗಿಯ ಹುಡುಗನೊಬ್ಬ ತಿಂಗಳುಗಟ್ಟಲೆ ತಟ್ಟೆಯ ಮುಂದೆ ಸುಮ್ಮನೆ ಕೂತವನು, ಒಂದು ದಿನ ಟೊಪಿಗಿ ತೆಗೆದ ಕೂಡಲೇ ಹೊರಗೆ ತಾಯಿಯತ್ತ ಓಡಿ, "ಬೇ, ಹಸಿವ್ಯಾಗೇತಿ" ಎಂದಿದ್ದ. ಅವನ ತಾಯಿ ನಗಬೇಕೋ ಅಳಬೇಕೋ ತಿಳಿಯದೆ ಸೆರಗಿನಿಂದ ಅವನ ಮುಖ ಒರೆಸಿದ್ದನ್ನು ದಾನೇಶ್ವರಿ ಬಾಗಿಲ ಸಂದಿಯಿಂದ ನೋಡಿದ್ದಳು. ಇಂಥದನ್ನು ನೋಡಿದ ದಿನ ಅವಳಿಗೆ ಮನೆಗೆ ಹೋಗುವುದು ಕಷ್ಟವಾಗುತ್ತಿತ್ತು. ಯಾಕೆಂದರೆ ಪಾಳಿಗಾಗಿ ಕಾಯುತ್ತಿದ್ದ ಮಕ್ಕಳಲ್ಲಿ ಅವಳ ಮಗಳೂ ಒಬ್ಬಳು.

ವಚನಾ ಚಿಕ್ಕವಳಿದ್ದಾಗ ಮನೆಯಲ್ಲಿ ನಗು ತಪ್ಪುತ್ತಿರಲಿಲ್ಲ. ಚಾಲಕನಿಲ್ಲದ ಬಸ್ಸುಗಳಲ್ಲಿ ನಿಲ್ದಾಣದ ಹೆಸರು ಕೂಗುವ ಯಂತ್ರದ ದನಿಯನ್ನು ಅವಳು ಎಷ್ಟು ಚೆನ್ನಾಗಿ ಅನುಕರಿಸುತ್ತಿದ್ದಳೆಂದರೆ, ಒಮ್ಮೆ ಮುಳಗುಂದ ನಾಕಾ ಬರುವ ಮೊದಲೇ ಅರ್ಧ ಬಸ್ಸು ಎದ್ದು ಬಾಗಿಲಿಗೆ ಬಂದಿತ್ತು. ಅಪ್ಪ ವೀರೇಶ ಕಪ್ಪತಗುಡ್ಡದ ಸೆರಗಿನ ಗಾಳಿಯಂತ್ರಗಳನ್ನು ಹತ್ತಿ ದುರಸ್ತಿ ಮಾಡುವವನು. ಕೆಲಸದಿಂದ ಬಂದ ಅವನ ಹೆಜ್ಜೆ, ಕೆಮ್ಮು, ಚಪ್ಪಲಿ ಬಿಡುವ ರೀತಿ ಎಲ್ಲವನ್ನೂ ಅವಳು ಮಾಡಿ ತೋರಿಸುತ್ತಿದ್ದಳು.

ಅದು ಯಾವಾಗ ನಿಂತಿತೆಂದು ಯಾರಿಗೂ ಹೇಳಲು ಬಾರದು. ಯಾರೂ ಹೊಡೆದಿರಲಿಲ್ಲ, ಯಾರೂ ಸತ್ತಿರಲಿಲ್ಲ, ಪರೀಕ್ಷೆಯಲ್ಲೂ ಅವಳು ಹಿಂದೆ ಬಿದ್ದಿರಲಿಲ್ಲ. ಮೊದಲು ಗೆಳತಿಯರು ಬರುವುದು ಕಡಿಮೆಯಾಯಿತು. ಆಮೇಲೆ ಊಟ ಅರ್ಧವಾಯಿತು. ಬೆಳಗಿನ ಜಾವ ಎದ್ದು ನೋಡಿದರೆ ಅವಳು ಗೋಡೆಗೆ ಮುಖ ಮಾಡಿ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳು. "ವಯಸ್ಸಿಗೆ ಬಂದ ಹುಡುಗ್ಯಾರು ಹಂಗ ಇರ್ತಾರ" ಎಂದು ಓಣಿಯವರು ಹೇಳಿದರು. ಎಲ್ಲಕ್ಕಿಂತ ಹೆಚ್ಚಾಗಿ ದಾನೇಶ್ವರಿಯನ್ನು ಹೆದರಿಸಿದ್ದು ಮಗಳ ಹೊಸ ಮಾತು. ಚಹಾ ಕೊಟ್ಟರೆ "ಸಾರಿ ಅವ್ವಾ". ಫ್ಯಾನ್ ಕೆಳಗೆ ಕೂತಿದ್ದಕ್ಕೆ "ಸಾರಿ ಅಪ್ಪಾ". ಬಟ್ಟೆ ಒಗೆಯಲು ಹಾಕಿದ್ದಕ್ಕೂ ಸಾರಿ. ತಾನು ಉಸಿರಾಡುವ ಗಾಳಿಯೇ ಇನ್ನೊಬ್ಬರ ಪಾಲಿನದು ಎಂಬಂತೆ ಅವಳು ಮನೆಯೊಳಗೆ ಗೋಡೆ ಹಿಡಿದು ಓಡಾಡುತ್ತಿದ್ದಳು.

"ಯಂತ್ರ ನಡಸಾಕಿ ನೀನ. ನಮ್ಮ ಕೂಸಿಗೆ ಒಂದೀಟು ಮೊದಲ ಹಾಕಿದ್ರ ಏನಾತು?" ಎಂದು ವೀರೇಶ ಒಮ್ಮೆ ಕೇಳಿದ.

"ಯಂತ್ರ ನಾ ನಡಸ್ತೀನ್ರಿ, ಮಾತಾಡೂದು ನನ್ನ ಕೈಲಾಗೂದಿಲ್ಲ. ಡಾಕ್ಟರ್ ಕುಂದರ್ದ ಹಾಕಿದ್ರ ಮತ್ತಷ್ಟು ಕೆಡ್ತಾಳ."

"ಡಾಕ್ಟರಿಗೆ ಹೇಳು ಹಂಗಾದ್ರ."

"ಹೊರಗ ಕುಂತವರದೂ ಮಕ್ಕಳ ಅದಾವಲ್ರೀ."

ಎತ್ತರದ ಕಂಬಗಳ ಮೇಲೆ ದಿನ ಕಳೆಯುವ ವೀರೇಶನಿಗೆ ನೆಲದ ಮೇಲೆ ಜಗಳವಾಡಿ ಅಭ್ಯಾಸವಿರಲಿಲ್ಲ. ಮಗಳ ಕೋಣೆಯ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗದೆ ಹಿಂದಿರುಗಿದ.

ಬಾಗಿಲ ತಪಾಸಣೆಗೆಂದು ಕಾಯುವ ಮಕ್ಕಳನ್ನು ಆಗಾಗ ಕೇಂದ್ರಕ್ಕೆ ಕರೆಸುತ್ತಿದ್ದರು. ಅಂಥ ಒಂದು ಮುಂಜಾನೆ ವಚನಾ ಹೊರಗಿನ ಬೆಂಚಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ರೋಣದಿಂದ ಬಂದ ಖಾದರಸಾಬ ನದಾಫ, ಹತ್ತಿಯ ಗಾದಿ ಮಾಡುವವನು, ತನ್ನ ಹನ್ನೆರಡು ವರ್ಷದ ಮಗಳು ರುಬೀನಾಳೊಂದಿಗೆ ಕಾಯುತ್ತಿದ್ದ. ತಾಯಿ ತೀರಿಕೊಂಡ ಮೇಲೆ ರುಬೀನಾ ಮಾತು ಬಿಟ್ಟಿದ್ದಳು. ಒಂದು ಶಬ್ದವೂ ಇಲ್ಲ. ಅವಳ ಬಾಗಿಲು ಬೇಗ ಬೇಗ ಸಣ್ಣದಾಗುತ್ತಿತ್ತು, ಪಾಳಿ ಮಾತ್ರ ಇನ್ನೂ ಬಹಳ ದೂರವಿತ್ತು.

"ಇಕಿ ಮೊದಲ ಹಾಡ್ತಿದ್ಳವಾ" ಎಂದು ಖಾದರಸಾಬ ವಚನಾಳಿಗೆ ಹೇಳಿದ. ಬೇರೆ ಯಾರಿಗೆ ಹೇಳಬೇಕೋ ಅವನಿಗೂ ತಿಳಿಯದು. "ನಾ ಹತ್ತಿ ಹಿಂಜುವಾಗ ಇಕಿ ಹಾಡ. ಈಗ ಯಂತ್ರದ ಸಪ್ಪಳ ಅಷ್ಟ."

ವಚನಾ ಹುಡುಗಿಗೆ ನೀರು ಕೊಟ್ಟಳು. ತಪಾಸಣೆಗೆ ಕರೆಯುವವರೆಗೂ ರುಬೀನಾ ಅವಳ ದುಪಟ್ಟಾದ ತುದಿಯನ್ನು ಬಿಡಲಿಲ್ಲ. ಇಬ್ಬರೂ ಬೆಂಚಿನ ಕೊನೆಗೆ ಸರಿದು ಕೂತರು. ವಚನಾ ಅವಳ ಕಿವಿಯ ಹತ್ತಿರ ಬಾಗಿ ಏನನ್ನೋ ಹೇಳುತ್ತಿದ್ದುದನ್ನು ಒಳಗಿನಿಂದ ಬಂದ ದಾನೇಶ್ವರಿ ಕಂಡಳು. ಮಗಳು ತಾನಾಗಿ ಮಾತಾಡುತ್ತಿದ್ದಾಳೆ ಎಂಬುದೇ ಅವಳಿಗೆ ಹಬ್ಬವಾಗಿತ್ತು. ಏನು ಹೇಳುತ್ತಿದ್ದಾಳೆಂದು ಕೇಳಿಸಿಕೊಳ್ಳಲು ಹೋಗಲಿಲ್ಲ.

ಬೇಸಿಗೆ ಕಳೆದು ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ವಚನಾಳ ಪಾಳಿ ಬಂತು. ಸುದ್ದಿ ತಂದ ಸಂಜೆ ವೀರೇಶ ಗಿರಮಿಟ್ಟು, ಮಿರ್ಚಿ ಕಟ್ಟಿಸಿಕೊಂಡು ಬಂದ. ಮೂವರೂ ನೆಲದ ಮೇಲೆ ಕೂತರು. ವಚನಾ ಒಂದು ಮಿರ್ಚಿಯನ್ನು ಕೊನೆಯವರೆಗೂ ತಿಂದಳು. ಅಪ್ಪ ನೋಡುತ್ತಿದ್ದಾನೆಂದು ನಕ್ಕಳು ಕೂಡ.

"ಮುಗಿದ ಮ್ಯಾಲೆ ನಿನ್ನ ಕಂಬದ ಮ್ಯಾಗ ಕರಕೊಂಡ ಹೋಗ್ತೀನಿ ನೋಡ. ಅಲ್ಲಿಂದ ಗದಗ ಅಂಗೈಯಾಗ ಹಿಡಿಯುವಷ್ಟು ಕಾಣ್ತೈತಿ" ಎಂದ ವೀರೇಶ.

"ಹೂಂ ಅಪ್ಪಾ" ಎಂದಳು ವಚನಾ.

ಚಿಕಿತ್ಸೆ ಶುರುವಾಗುವ ದಿನ ದಾನೇಶ್ವರಿ ಮಗಳಿಗೆ ತಾನೇ ಎಣ್ಣೆ ಹಚ್ಚದೆ ತಲೆ ಬಾಚಿ, ಒರಗುಕುರ್ಚಿಯಲ್ಲಿ ಕೂರಿಸಿ, ಗಾಜಿನ ಈಚೆಗೆ ಬಂದಳು. ಟೊಪಿಗಿ ತೊಡಿಸುವ ಮೊದಲು ಮಗುವಿನ ಒಪ್ಪಿಗೆಯನ್ನು ಕೇಳಬೇಕೆಂಬ ನಿಯಮವಿತ್ತು. ಹದಿನಾಲ್ಕು ದಾಟಿದವರ ಮಾತನ್ನು ದೊಡ್ಡವರ ಮಾತಿನಂತೆಯೇ ಗಣಿಸುತ್ತಿದ್ದರು. ವಚನಾಳಿಗೆ ಹದಿನೈದು.

"ಶುರು ಮಾಡುವಾ ಅಲ್ವಾ ವಚನಾ?" ಎಂದರು ಲೋಬೊ.

"ಸರ್, ನನ್ನ ಪಾಳಿ ರುಬೀನಾಗ ಕೊಡ್ರಿ."

ದಾನೇಶ್ವರಿಯ ಕೈ ಯಂತ್ರದ ಗುಂಡಿಯ ಮೇಲೆಯೇ ನಿಂತಿತು.

"ಯಾಕೆ?"

"ಆಕಿ ಬಾಗಿಲಾ ಇನ್ನೇನ ಮುಚ್ಚತೈತ್ರಿ. ನಂದು ಇನ್ನೂ ತೆರದೈತಿ. ನನಗ ಮುಂದಿನ ಪಾಳಿ ಕೊಟ್ರೂ ನಡೀತೈತಿ. ಆಕಿಗೆ ಮುಂದಿನ ಪಾಳಿ ಇಲ್ಲ."

ಲೋಬೊ ಮತ್ತೆ ಮತ್ತೆ ಕೇಳಿದರು. ಯಾರಾದರೂ ಹೇಳಿಕೊಟ್ಟರೇ? ಹೆದರಿಕೆಯಾಗುತ್ತಿದೆಯೇ? ನಾಳೆ ಪಶ್ಚಾತ್ತಾಪವಾದರೆ? ವಚನಾ ಒಂದೊಂದಕ್ಕೂ ತಲೆಯೆತ್ತಿ, ತೊದಲದೆ, ಸಮಾಧಾನವಾಗಿ ಉತ್ತರ ಕೊಟ್ಟಳು. ಅವಳು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ತಪಾಸಣೆಯ ಪ್ರಕಾರ ಮುಂದಿನ ಸರದಿಯವರೆಗೂ ಅವಳ ಬಾಗಿಲು ತೆರೆದಿರಬೇಕಾಗಿತ್ತು.

ದಾನೇಶ್ವರಿ ಗಾಜಿನ ಆಚೆಗೆ ಹೋದಳು. ಲೋಬೊ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

"ನಾನು ಇಷ್ಟು ವರ್ಷ ಈ ಕೆಲಸ ಮಾಡಿದೆ, ಇಂಥ ಮಗುವನ್ನು ನೋಡ್ಲಿಲ್ಲ ಮಾರಾಯ್ರೇ. ಎಂಥಾ ಮನಸ್ಸು! ನೀವು ಏನು ಹೇಳ್ತೀರಿ? ನಿಮ್ಮ ಮಾತೂ ಬೇಕು ನನಗೆ."

ದಾನೇಶ್ವರಿ ಮಗಳನ್ನು ನೋಡಿದಳು. ಬೇಡ ಎನ್ನುವ ಮಾತು ಗಂಟಲವರೆಗೆ ಬಂತು. ಆದರೆ ಅದರ ಜೊತೆಯಲ್ಲೇ ಇನ್ನೊಂದು ಬಂತು, ಬೆಚ್ಚಗೆ, ಎದೆ ತುಂಬಿ. ಇಷ್ಟು ಕಷ್ಟದಲ್ಲೂ ನನ್ನ ಮಗಳು ಇನ್ನೊಬ್ಬರ ಮಗುವನ್ನು ನೆನೆಯುತ್ತಾಳಲ್ಲ ಎಂಬ ಹೆಮ್ಮೆ. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ತಾಯಂದಿರೂ ನೆನಪಿಗೆ ಬಂದರು. ತನ್ನ ಮಗಳದೆಂದು ಹಟ ಹಿಡಿದರೆ ನಾಳೆ ಅವರ ಮುಖ ನೋಡುವುದು ಹೇಗೆ?

"ಮುಂದಿನ ಪಾಳಿ ಖರೇನ ಸಿಗತೈತೇನ್ರಿ ಸರ್?"

"ನಾನು ಇರುವವರೆಗೆ ಅದಕ್ಕೆ ನಾನೇ ಜವಾಬ್ದಾರಿ."

"ಹಂಗಾದ್ರ ಆಕಿ ಮನಸ್ಸಿನಂಗ ಆಗ್ಲಿ" ಎಂದಳು ದಾನೇಶ್ವರಿ.

ವಿಷಯ ಕೇಂದ್ರದಿಂದ ಶಾಲೆಗೆ, ಶಾಲೆಯಿಂದ ಊರಿಗೆ ಹಬ್ಬಿತು. ಶಾಲೆಯಲ್ಲಿ ಶಾಲು ಹೊದಿಸಿದರು. ಅತಿಥಿಯೊಬ್ಬರು ತ್ಯಾಗದ ಬಗ್ಗೆ ಮಾತಾಡಿದರು. ಕೆಂಪು ಶಾಲಿನೊಳಗೆ ವಚನಾ ಭುಜ ಕುಗ್ಗಿಸಿ ನಿಂತಿದ್ದಳು, ಇನ್ನೊಬ್ಬರ ಬಟ್ಟೆಯನ್ನು ತಪ್ಪಿ ಹಾಕಿಕೊಂಡವಳಂತೆ. ಓಣಿಯ ಹೆಂಗಸರು ದಾನೇಶ್ವರಿಯ ಕೈ ಹಿಡಿದು, "ಪುಣ್ಯಾ ಮಾಡಿದ್ದಿ ತಂಗಿ, ಇಂಥಾ ಮಗಳ್ನ ಹಡಿಯಾಕ" ಎಂದರು. ವೀರೇಶ ಮಾತ್ರ ಆ ಸಮಾರಂಭಕ್ಕೆ ಹೋಗಲಿಲ್ಲ. ಯಂತ್ರದ ಕೆಲಸವಿದೆಯೆಂದು ಗುಡ್ಡಕ್ಕೆ ಹೋದವನು ಎರಡು ದಿನ ಬರಲಿಲ್ಲ. ಮನೆಗೆ ಬಂದ ವಚನಾ ಶಾಲನ್ನು ಮಡಚಿ ಅವ್ವನ ಕಪಾಟಿನಲ್ಲಿಟ್ಟು ಮಲಗಿಬಿಟ್ಟಳು. ಆ ವಾರವೆಲ್ಲ ಶಾಲೆಗೆ ಹೋಗಲಿಲ್ಲ.

ಅತ್ತ ರುಬೀನಾಳ ಚಿಕಿತ್ಸೆ ಶುರುವಾಯಿತು. ದಾನೇಶ್ವರಿ ತನ್ನ ಮಗಳಿಗೆಂದು ಹೊಂದಿಸಿಟ್ಟಿದ್ದ ಟೊಪಿಗಿಯ ಪಟ್ಟಿಗಳನ್ನು ಆ ಸಣ್ಣ ತಲೆಗೆ ಬಿಗಿಮಾಡಿದಳು. ಮೊದಮೊದಲು ಲೋಬೊ ಒಬ್ಬರೇ ಮಾತಾಡುತ್ತಿದ್ದರು. ಹತ್ತಿಯ ಬಗ್ಗೆ, ರೋಣದ ಬಗ್ಗೆ, ತಮ್ಮ ಊರಿನ ಕಡಲಿನ ಬಗ್ಗೆ. ಹುಡುಗಿ ಕೇಳುತ್ತಿದ್ದಳು. ಆಮೇಲೊಂದು ದಿನ ಪರದೆಯ ಮೇಲಿನ ಅಲೆ ಹೊಸ ರೀತಿಯಲ್ಲಿ ಎದ್ದಿತು. "ಕಡಲಾಗಿನ ನೀರ ಕುಡಿಯಾಕ ಬರತೈತೇನ್ರಿ?" ಎಂದು ರುಬೀನಾ ಕೇಳಿದಳು. ಹೊರಗೆ ಬೆಂಚಿನಲ್ಲಿದ್ದ ಖಾದರಸಾಬನಿಗೆ ಸುದ್ದಿ ಹೇಳಿದವಳು ದಾನೇಶ್ವರಿಯೇ. ಅವನು ಅವಳ ಕಾಲು ಮುಟ್ಟಲು ಬಗ್ಗಿದಾಗ ಅವಳು ಹಿಂದೆ ಸರಿದು, "ನನಗಲ್ಲೋ ಅಣ್ಣಾ, ನನ್ನ ಮಗಳಿಗೆ" ಎಂದಳು. ಹಾಗೆನ್ನುವಾಗ ಅವಳ ಮನಸ್ಸು ತುಂಬಿತ್ತು. ಆ ಸಂತೋಷ ಅವಳಿಗೆ ಕೆಲವು ದಿನ ಉಳಿಯಿತು.

ಒಂದು ಮಧ್ಯಾಹ್ನ ಲೋಬೊ ಮಾತಿನ ನಡುವೆ ರುಬೀನಾಳನ್ನು ಕೇಳಿದರು. "ಆ ಅಕ್ಕ ನಿನಗೆ ಈ ಪಾಳಿ ಕೊಟ್ಟಳಲ್ಲ, ಅವಳ ಹತ್ತಿರ ಏನಾದ್ರೂ ಹೇಳ್ಬೇಕು ಅಂತ ಉಂಟಾ ನಿಂಗೆ?"

ರುಬೀನಾ ಯೋಚಿಸಿದಳು. ಈಗ ಅವಳು ಮಾತಿಗೆ ಹೆದರುತ್ತಿರಲಿಲ್ಲ.

"ಅಕ್ಕಾ ಹೇಳಿದ್ದು ಸುಳ್ಳು ಅಂತ ಹೇಳಬೇಕ್ರಿ."

"ಏನು ಹೇಳಿದ್ಳು ಅವಳು?"

"ಬೆಂಚಿನ ಮ್ಯಾಲೆ ಕುಂತಾಗ ಹೇಳಿದ್ಳು. ನೀ ಚಲೋ ಹುಡುಗಿ, ನಿನಗ ಟೊಪಿಗಿ ಹಾಕಿದ್ರ ಉಪಯೋಗ ಆಗತೈತಿ. ನಂದೇನ, ನನಗ ಹಾಕಿದ್ದೆಲ್ಲಾ ದಂಡ. ನಾ ಇದ್ರೂ ಅಷ್ಟ, ಇರದಿದ್ರೂ ಅಷ್ಟ. ನಮ್ಮವ್ವ ನಮ್ಮಪ್ಪಗ ನನ್ನ ತ್ರಾಸ ತಪ್ಪಿದ್ರ ಸಾಕು, ಅಂದ್ಳು. ಅಕ್ಕಾ ಭಾಳ ಚಲೋ ಅದಾಳ್ರಿ. ಯಾಕ ಹಂಗಂದ್ಳು?"

ಲೋಬೊ ಮೆಲ್ಲಗೆ ಮುಖ ತಿರುಗಿಸಿ ಗಾಜಿನ ಕಡೆ ನೋಡಿದರು. ಈಚೆಗೆ ದಾನೇಶ್ವರಿ ಕಿವಿಯ ಗುಂಡಿಯನ್ನು ಕೈಯಿಂದ ಒತ್ತಿಹಿಡಿದು ಕೂತಿದ್ದಳು. ಅವಳ ಮುಂದೆ ರುಬೀನಾಳ ಅಲೆಗಳು ನಿರಾತಂಕವಾಗಿ ಹರಿಯುತ್ತಿದ್ದವು.

ಈ ಕೋಣೆಯಲ್ಲಿ ಕೂತು ಅವಳು ಎಷ್ಟೋ ಮಕ್ಕಳ ಬಾಯಿಂದ ಇದೇ ಮಾತನ್ನು ಕೇಳಿದ್ದಳು. ನಾನು ಬೇಡದವನು, ನಾನು ಭಾರ, ನನ್ನ ಪಾಲಿನದನ್ನು ಬೇರೆಯವರಿಗೆ ಕೊಡಿ. ಅದು ಕಾಯಿಲೆ ಆಡಿಸುವ ಮಾತೆಂದು ಅವಳಿಗೆ ಗೊತ್ತಿತ್ತು, ಲೋಬೊಗೂ ಗೊತ್ತಿತ್ತು. ಆದರೆ ವಚನಾಳ ಬಾಯಿಂದ ಅದೇ ಮಾತು ಬೇರೆ ವೇಷದಲ್ಲಿ ಬಂದಿತ್ತು. ನೋಡಲು ಅಷ್ಟು ಚೆಂದವಾಗಿತ್ತು ಎಂಬ ಕಾರಣಕ್ಕೇ ಇಬ್ಬರೂ ಗುರುತು ಹಿಡಿಯಲಿಲ್ಲ. ಕಾಯಿಲೆಗೆ ಊರೆಲ್ಲ ಸೇರಿ ಶಾಲು ಹೊದಿಸಿತ್ತು.

ರುಬೀನಾ ಹೊರಟ ಕೂಡಲೇ ದಾನೇಶ್ವರಿ ಗಾಜಿನ ಆಚೆಗೆ ಹೋದಳು. ಅಳು ಬಂದಿರಲಿಲ್ಲ.

"ಸರ್, ನನ್ನ ಮಗಳಿಗೆ ನಾಳೆಯಿಂದ ಕುಂದರಬೇಕು ನೀವು. ಯಾವ ಹೊತ್ತಿನ್ಯಾಗರ ಆಗ್ಲಿ. ನನಗ ಮುಂದಿನ ಪಾಳಿ ಬ್ಯಾಡ."

"ಕೂರ್ತೇನೆ. ನನ್ನ ಊಟದ ಹೊತ್ತು ಉಂಟಲ್ಲ, ಅದರಲ್ಲಿ ಕೂರ್ತೇನೆ. ಯಾರ ಪಾಳಿಯೂ ತಪ್ಪುದಿಲ್ಲ." ಅವರು ತಮ್ಮ ಅಂಗೈಗಳನ್ನೇ ನೋಡುತ್ತ ಮುಂದುವರಿಸಿದರು. "ನಾನು ಡಾಕ್ಟರಾಗಿ ಕೇಳ್ಬೇಕಾದ ಪ್ರಶ್ನೆ ಒಂದೇ ಇತ್ತು, ದಾನೇಶ್ವರಿಯವ್ರೇ. ನಿನಗೆ ನೀನು ಬೇಕಾ ಅಂತ. ಅದನ್ನು ಬಿಟ್ಟು ಬೇರೆಲ್ಲ ಕೇಳಿದೆ ನಾನು."

ಮರುದಿನ ವೀರೇಶನೂ ಬಂದ. ಮಗಳನ್ನು ಒರಗುಕುರ್ಚಿಯಲ್ಲಿ ಕೂರಿಸಿ, ಅವನು ಗಾಜಿನ ಈಚೆ ಹೆಂಡತಿಯ ಬೆನ್ನ ಹಿಂದೆ ನಿಂತ. ಮಿಡಿತ ಶುರುಮಾಡುವ ಮುನ್ನ ಬಾಗಿಲನ್ನು ಇನ್ನೊಮ್ಮೆ ನೋಡುವುದು ಕ್ರಮ. ದಾನೇಶ್ವರಿ ನೋಡಿದಳು. ಪರದೆಯ ಮೇಲೆ ಹೊದಿಕೆಯನ್ನು ತೋರಿಸುವ ಬಿಳಿಯ ಗೆರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ಮುರಿಯದೆ ಮೂಡಿತು.

ಅವಳು ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಳು. ಪಟ್ಟಿಗಳನ್ನು ಬಿಚ್ಚಿ ಮತ್ತೆ ಕಟ್ಟಿದಳು. ಮೂಲೆಯಲ್ಲಿದ್ದ ಇನ್ನೊಂದು ಟೊಪಿಗಿಯ ಬಟ್ಟೆ ತೆಗೆದು, ಧೂಳು ಒರೆಸಿ, ಅದನ್ನೂ ತೊಡಿಸಿ ನೋಡಿದಳು. ಗೆರೆ ಬದಲಾಗಲಿಲ್ಲ.

"ಏನಾತು?" ಎಂದ ವೀರೇಶ.

ಲೋಬೊ ಈಚೆಗೆ ಬಂದು ಪರದೆ ನೋಡಿ, ವೀರೇಶನ ಭುಜದ ಮೇಲೆ ಕೈಯಿಟ್ಟರು. ನಿದ್ದೆಯಿಲ್ಲದೆ, ಊಟವಿಲ್ಲದೆ ಕಾಯಿಲೆ ಬಲಿತಾಗ ಕೆಲವು ಮಕ್ಕಳಲ್ಲಿ ಹೊದಿಕೆ ಅವಸರದಿಂದ ಬೆಳೆಯುವುದುಂಟು, ಹಿಂದಿನ ತಪಾಸಣೆಯ ಅಂದಾಜು ಇಲ್ಲಿ ಸುಳ್ಳಾಯಿತು ಎಂದು ಸಣ್ಣ ದನಿಯಲ್ಲಿ ವಿವರಿಸಿದರು. ವೀರೇಶ ಎಲ್ಲವನ್ನೂ ಕೇಳಿಸಿಕೊಂಡು, "ಅಂದ್ರ ಮುಚ್ಚೇತಿ" ಎಂದ.

"ಮುಚ್ಚಿದೆ."

ಆದರೂ ಲೋಬೊ ಮಾತು ತಪ್ಪಲಿಲ್ಲ. ಮಿಡಿತ ಕೊಟ್ಟು ನೋಡಿದರು. ಬಹಳ ದಿನ ನೋಡಿದರು. ಗಾಜಿನ ಆಚೆ ಅವರು ಕಡಲಿನ ಕಥೆ ಹೇಳುತ್ತಿದ್ದರೆ ಈಚೆ ದಾನೇಶ್ವರಿ ಒಂದೇ ಒಂದು ಅಲೆ ಏಳಲೆಂದು ಕಣ್ಣು ನೆಟ್ಟು ಕೂರುತ್ತಿದ್ದಳು. ಬಂಡೆಯ ಮೇಲೆ ನೀರು ಹೊಯ್ದಂತೆ ಮಿಡಿತಗಳು ಬದಿಗೆ ಹರಿದುಹೋಗುತ್ತಿದ್ದವು. ಕಡೆಗೆ ಒಂದು ದಿನ ವಚನಾಳೇ, "ಸರ್, ನೀವು ಊಟಾ ಮಾಡ್ರಿ. ಸಾರಿ" ಎಂದಳು.

ಆಮೇಲೆ ಉಳಿದದ್ದು ಟೊಪಿಗಿ ಬರುವ ಮುಂಚಿನ ದಾರಿ. ಗುಳಿಗೆ ಮತ್ತು ಮಾತು. ಅದು ಕೆಲಸ ಮಾಡುವುದಿಲ್ಲವೆಂದೇನೂ ಅಲ್ಲ. ನಿಧಾನ, ಏಳುಬೀಳು ಹೆಚ್ಚು, ವರ್ಷಗಟ್ಟಲೆ ಯಾರಾದರೂ ಜೊತೆಗಿರಬೇಕು. ಬಾಗಿಲು ಮುಚ್ಚಿದ ಮಕ್ಕಳನ್ನು ಕೇಂದ್ರ ತನ್ನಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಅವರಿಗೆ ಹುಬ್ಬಳ್ಳಿಯಲ್ಲಿ ಬೇರೆ ಆಸ್ಪತ್ರೆ, ಅಲ್ಲಿ ಬೇರೆ ಪಾಳಿ. ಗುಳಿಗೆ ಬೇಗ ಸಿಕ್ಕಿತು. ಮಾತಿಗೆ ಮಾತ್ರ ಕಾಯಬೇಕಾಯಿತು. ಅಷ್ಟರಲ್ಲಿ ವೀರೇಶ ಕಂಬ ಹತ್ತುವ ಕೆಲಸ ಬಿಟ್ಟು ಊರಲ್ಲೇ ಇರುವ ಕೆಲಸ ಹಿಡಿದ. ಗುಳಿಗೆಗಳನ್ನು ಬೀಗದೊಳಗಿಟ್ಟು ಹೊತ್ತು ಹೊತ್ತಿಗೆ ಅವನೇ ಕೊಡುತ್ತಿದ್ದ. ಮಗಳು ಎದ್ದರೆ ಏಳುತ್ತಿದ್ದ, ಅವಳು ಅಂಗಳಕ್ಕೆ ಬಂದರೆ ತಾನೂ ಬಂದು ಏನೋ ಹುಡುಕುವವನಂತೆ ನಿಲ್ಲುತ್ತಿದ್ದ. ಕೆಲವು ದಿನ ವಚನಾ ಸ್ನಾನ ಮಾಡಿ ಶಾಲೆಗೆ ಹೋಗುತ್ತಿದ್ದಳು. ಕೆಲವು ದಿನ ಅವಳನ್ನು ಹಾಸಿಗೆಯಿಂದ ಎಬ್ಬಿಸುವುದರಲ್ಲೇ ಮಧ್ಯಾಹ್ನವಾಗುತ್ತಿತ್ತು. ಬದುಕಿದ್ದಾಳೆ, ಇವತ್ತೂ ಬದುಕಿದ್ದಾಳೆ ಎಂಬ ಸಮಾಧಾನದ ಮೇಲೆ ಮನೆ ನಡೆಯುತ್ತಿತ್ತು.

ದಾನೇಶ್ವರಿ ಕೆಲಸ ಬಿಡಲಿಲ್ಲ. ಬಿಟ್ಟರೆ ನಡೆಯುತ್ತಿದ್ದ ಒಂದು ಟೊಪಿಗಿಯೂ ನಿಲ್ಲುತ್ತಿತ್ತು. ಗಾಜಿನ ಈಚೆ ಕೂತು ಬೇರೆಯವರ ಮಕ್ಕಳ ಅಲೆಗಳನ್ನು ನೋಡಿದಳು. ಗುಣವಾಗಿ ಹೊರಟ ಮಕ್ಕಳ ಮುಖವನ್ನು ನೋಡುವುದನ್ನು ಮಾತ್ರ ಬಿಟ್ಟಳು.

ವರ್ಷ ಕಳೆದ ಮೇಲೆ ಒಂದು ಭಾನುವಾರ ಖಾದರಸಾಬ ಮಗಳನ್ನು ಕರೆದುಕೊಂಡು ಮನೆಗೆ ಬಂದ. ತಲೆಯ ಮೇಲೆ ಹೊಸ ಗಾದಿಯ ಸುರುಳಿ.

"ಒಳ್ಳೇ ಹತ್ತಿ ಅಕ್ಕಾರ. ನನ್ನ ಕೈಲೆ ಹಿಂಜೀನಿ. ವಚನವ್ವಗ ಅಂತ ಮಾಡೇನಿ, ಒಲ್ಲೆ ಅನಬ್ಯಾಡ್ರಿ."

ರುಬೀನಾ ಎತ್ತರಕ್ಕೆ ಬೆಳೆದಿದ್ದಳು. ಬಾಯಿಗೆ ಬಿಡುವೇ ಇರಲಿಲ್ಲ. ಶಾಲೆಯ ಬಗ್ಗೆ, ಹೊಸ ಮಾಸ್ತರರ ಬಗ್ಗೆ, ಬಸ್ಸಿನಲ್ಲಿ ಬರುವಾಗ ಅಪ್ಪ ನಿದ್ದೆಹೋಗಿ ಗಾದಿ ಪಕ್ಕದವನ ಮೇಲೆ ಉರುಳಿದ್ದರ ಬಗ್ಗೆ ಹೇಳಿದಳು. ವಚನಾ ಅವಳ ಎದುರು ಕೂತು ಕೇಳಿದಳು. ನಡುವೆ ಒಂದೆರಡು ಸಲ ನಕ್ಕಳು. ಹೊರಡುವಾಗ ರುಬೀನಾ ಅವಳನ್ನು ತಬ್ಬಿಕೊಂಡು ಕಿವಿಯಲ್ಲಿ ಏನೋ ಹೇಳಿದಳು. ಏನೆಂದು ದಾನೇಶ್ವರಿ ಈ ಸಲ ಕೇಳಿದಳು.

"ನೀ ಹೇಳಿದ್ದು ಸುಳ್ಳು ಅಕ್ಕಾ ಅಂದ್ಳು" ಎಂದಳು ವಚನಾ.

ಅವರನ್ನು ಬಸ್ಸು ಹತ್ತಿಸಲು ವೀರೇಶ ಹೋದ. ಇಳಿಬಿಸಿಲು ಕೋಣೆಯೊಳಗೆ ಬಂದಿತ್ತು. ದಾನೇಶ್ವರಿ ಹಳೆಯ ಹಾಸಿಗೆ ತೆಗೆದು ಗಾದಿ ಹಾಸಿದಳು. ವಚನಾ ಅದರ ಅಂಚಿನಲ್ಲಿ ಕೂತು, ದಾರದ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೇಳಿದಳು.

"ಅವ್ವಾ, ನಾ ಮಾಡಿದ್ದು ತಪ್ಪಾತೇನ?"

ಈ ಪ್ರಶ್ನೆ ಒಂದು ದಿನ ಬರುತ್ತದೆಂದು ದಾನೇಶ್ವರಿಗೆ ಗೊತ್ತಿತ್ತು. ಹೌದೆಂದರೆ ಮಗಳ ಮೇಲೆ ಇನ್ನೊಂದು ಕಲ್ಲು ಹೇರಿದಂತೆ. ಇಲ್ಲವೆಂದರೆ ಶಾಲು ಹೊದಿಸಿದವರ ಸಾಲಿನಲ್ಲಿ ತಾನೂ ಮತ್ತೊಮ್ಮೆ ನಿಂತಂತೆ. ಅವಳು ನೆಲದ ಮೇಲೆ, ಮಗಳ ಕಾಲ ಬಳಿ ಕೂತಳು.

"ನೀ ಕೊಟ್ಟಿದ್ದು ತಪ್ಪಲ್ಲವ್ವಾ. ಆಗ ನೀ ಹುಷಾರಿರಲಿಲ್ಲ. ನೀ ಕೊಟ್ಟಿದ್ದನ್ನ ನಾವು ಇಸಗೊಂಡಿವಲ್ಲ, ಅದು ತಪ್ಪು."

ಹೊಲಿಗೆಯ ಮೇಲೆ ವಚನಾಳ ಬೆರಳು ನಿಂತಿತು.

"ಅವತ್ತ ನಿನ್ನ ಮಾರೀನ ನೋಡಾಕತ್ತಿದ್ದೆ ಅವ್ವಾ. ಡಾಕ್ಟರ್ ನಿನ್ನ ಕೇಳಿದ್ರಲ್ಲ, ಆಗ. ನೀ ಒಲ್ಲೆ ಅಂತೀಯೇನೋ, ನನ್ನ ಮಗಳಿಗೇ ಬೇಕು ಅಂತೀಯೇನೋ ಅಂತ ಕಾಯಾಕತ್ತಿದ್ದೆ."

ದಾನೇಶ್ವರಿ ಬಾಯಿ ತೆರೆದಳು. ಹೇಳಬೇಕಾದ ಮಾತಿಗೆ ಒಂದು ವರ್ಷ ತಡವಾಗಿತ್ತು. ಅದಕ್ಕೇ ಅವಳು ಅದನ್ನು ಇನ್ನು ತಡಮಾಡದೆ ಹೇಳಿದಳು, ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಪಕ್ಕದ ಮನೆಯವರಿಗೂ ಕೇಳುವಷ್ಟು.

"ನನ್ನ ಮಗಳಿಗೇ ಬೇಕು. ನನ್ನ ಮಗಳಿಗೇ ಬೇಕು."

ವಚನಾ ಅವ್ವನ ತಲೆಯ ಮೇಲೆ ಕೈಯಿಟ್ಟಳು. "ಅಳಬ್ಯಾಡ ಸುಮ್ಮನಿರು" ಎಂದು, ಸಣ್ಣ ಮಗುವಿಗೆ ಹೇಳುವಂತೆ ಹೇಳಿದಳು. ಹೊರಗೆ ವೀರೇಶ ಹಿಂದಿರುಗಿದ ಸಪ್ಪಳವಾಯಿತು. ಅವನು ಹೊಸ್ತಿಲವರೆಗೆ ಬಂದು, ಇಬ್ಬರನ್ನೂ ನೋಡಿ, ಒಳಗೆ ಬಂದು ಗಾದಿಯ ಇನ್ನೊಂದು ಅಂಚಿನಲ್ಲಿ ಕೂತ. ಯಾರೂ ದೀಪ ಹಚ್ಚಲು ಏಳಲಿಲ್ಲ.